ಹೊಸ ವೆಬ್‌ಸೈಟ್ ಗೂಗಲ್‌ನಲ್ಲಿ ಕಾಣಿಸುತ್ತಲೇ ಇಲ್ಲ: ಎಸ್‌ಇಒ ಎಲ್ಲಿಂದ ಶುರು ಮಾಡಬೇಕು?

ಸೋರದಛಾವಣಿ

ತಾರಸಿ ಸೋರಿಕೆ, ಗೋಡೆಯ ತೇವ ಸರಿಪಡಿಸುವ ನಮ್ಮ ಸಣ್ಣ ಸಂಸ್ಥೆಯ ಸೈಟ್. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ್ದು, ಒಟ್ಟು 9 ಪುಟ: ಮುಖಪುಟ, ನಮ್ಮ ಬಗ್ಗೆ, ಸೇವೆಗಳು, ಗ್ಯಾಲರಿ, ಸಂಪರ್ಕ, ಜೊತೆಗೆ ನಾಲ್ಕು ಬ್ಲಾಗ್ ಬರಹ. ಶುರುವಾಗಿ 3 ತಿಂಗಳಾಯಿತು. ಸಂಸ್ಥೆಯ ಹೆಸರನ್ನೇ ಕೊಟ್ಟು ಹುಡುಕಿದರೂ ಗೂಗಲ್‌ನಲ್ಲಿ ಬರುತ್ತಿಲ್ಲ. ಎಸ್‌ಇಒ (ಹುಡುಕಾಟದಲ್ಲಿ ಸೈಟ್ ಕಾಣಿಸುವಂತೆ ಮಾಡುವ ಕೆಲಸ) ಪ್ಲಗಿನ್ ಇದೆ, ಎಲ್ಲ ಪುಟಕ್ಕೂ ಹಸಿರು ದೀಪ ತೋರಿಸುತ್ತಿದೆ. ಇನ್ನು ಕೀವರ್ಡ್ ಟೂಲ್‌ಗೆ ಚಂದಾ ಕಟ್ಟುವುದಾ, ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಮ್ಮ ಸೈಟ್‌ಗೆ ಲಿಂಕ್) ಕೊಳ್ಳುವುದಾ, ವಾರಕ್ಕೆರಡು ಬ್ಲಾಗ್ ಬರೆಯುವುದಾ? ಯಾವುದು ಮೊದಲು?

ಜೇಡ

ಸದ್ಯಕ್ಕೆ ಮೂರೂ ಬೇಡ. ಸ್ವಂತ ಹೆಸರಿಗೇ ಸೈಟ್ ಬರುತ್ತಿಲ್ಲ ಅಂದರೆ ಅದು ರ‍್ಯಾಂಕಿಂಗ್ ತೊಂದರೆ ಇರಲಿಕ್ಕಿಲ್ಲ, ಸೈಟ್ ಇಂಡೆಕ್ಸ್‌ಗೇ, ಅಂದರೆ ಗೂಗಲ್ ಪುಟಗಳನ್ನು ದಾಖಲಿಸಿಡುವ ಪಟ್ಟಿಗೇ, ಸೇರಿಲ್ಲ. ಮೊದಲು ಗೂಗಲ್‌ಬಾಟ್ (ಪುಟಗಳನ್ನು ಓದುತ್ತಾ ತಿರುಗುವ ಗೂಗಲ್‌ನ ಪ್ರೋಗ್ರಾಂ) ಬಂದು ಪುಟ ಓದಬೇಕು, ಆಮೇಲೆ ಅದನ್ನು ಇಂಡೆಕ್ಸ್‌ಗೆ ಸೇರಿಸಬೇಕು, ಎಷ್ಟನೇ ಸ್ಥಾನ ಅನ್ನುವ ಮಾತು ಅದರ ಆಚೆಗೆ. ನೀವು ಕೇಳಿದ ಮೂರೂ ಆ ಕೊನೆಯ ಹಂತದ ಖರ್ಚು.

ಹಸಿರು ದೀಪದ ಬಗ್ಗೆ ಒಂದು ಮಾತು. ನೀವು ಕೊಟ್ಟ ಪದ ಟೈಟಲ್‌ನಲ್ಲಿದೆಯೇ, ವಿಳಾಸದಲ್ಲಿದೆಯೇ, ಮೊದಲ ಪ್ಯಾರಾದಲ್ಲಿದೆಯೇ ಅಂತ ಪ್ಲಗಿನ್ ಎಣಿಸಿ ಹಸಿರು ತೋರಿಸುತ್ತದೆ, ಅಷ್ಟೇ. ಗೂಗಲ್‌ಗೂ ಆ ದೀಪಕ್ಕೂ ಸಂಬಂಧವಿಲ್ಲ.

ಈಗ ಮಾಡಬೇಕಾದ್ದು ಗೂಗಲ್ ಸರ್ಚ್ ಕನ್ಸೋಲ್ ತೆರೆಯುವುದು, ಸೈಟ್ ಗೂಗಲ್‌ನಲ್ಲಿ ಹೇಗಿದೆ ಅಂತ ಮಾಲೀಕರಿಗೆ ತೋರಿಸುವ ಟೂಲ್ ಅದು. ಉಚಿತ. ಪ್ರಾಪರ್ಟಿ (ನಿಮ್ಮ ಸೈಟ್) ಸೇರಿಸುವಾಗ ಎರಡು ಆಯ್ಕೆ ಕೇಳುತ್ತದೆ: ಡೊಮೇನ್, ಇಲ್ಲವೇ ಯುಆರ್‌ಎಲ್ ಪ್ರಿಫಿಕ್ಸ್. ಡೊಮೇನ್ ಆರಿಸಿ. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವುದು, ಇಲ್ಲದ್ದು, ಸಬ್‌ಡೊಮೇನ್‌ಗಳು ಎಲ್ಲವೂ ಒಂದೇ ಕಡೆ ಕಾಣುತ್ತವೆ. ಅದಕ್ಕೆ ಡೊಮೇನ್ ಕೊಂಡ ಕಡೆ ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ ಒಂದು ಟಿಎಕ್ಸ್‌ಟಿ ದಾಖಲೆ ಸೇರಿಸಬೇಕು. ಕೆಲವೊಮ್ಮೆ ನಿಮಿಷಗಳಲ್ಲಿ ಆಗುತ್ತದೆ, ಕೆಲವೊಮ್ಮೆ ಒಂದು ದಿನ ಕಾಯಿಸುತ್ತದೆ. ದೃಢೀಕರಣ ಆದಮೇಲೂ ಆ ದಾಖಲೆ ಅಳಿಸಬೇಡಿ, ಅಳಿಸಿದರೆ ಮಾಲೀಕತ್ವ ಹೋಗುತ್ತದೆ.

ಆಮೇಲೆ ಮೇಲಿನ ಪಟ್ಟಿಯಲ್ಲಿ ಮುಖಪುಟದ ವಿಳಾಸ ಅಂಟಿಸಿ ಯುಆರ್‌ಎಲ್ ಇನ್‌ಸ್ಪೆಕ್ಷನ್ ಓಡಿಸಿ. ಅಲ್ಲಿ ಬರುವ ಕಾರಣವನ್ನು ಇಲ್ಲಿ ಹಾಕಿ. ಅದಕ್ಕೂ ಮೊದಲೇ ನೋಡಬೇಕಾದ ಒಂದು ಜಾಗ ಇದೆ: ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್, ರೀಡಿಂಗ್, ಅದರ ಕೊನೆಯಲ್ಲಿ ಸರ್ಚ್ ಇಂಜಿನ್‌ಗಳನ್ನು ತಡೆಯುವ ಚೆಕ್‌ಬಾಕ್ಸ್. ಸೈಟ್ ಕಟ್ಟುವಾಗ ಟಿಕ್ ಹಾಕುತ್ತಾರೆ, ಹಸ್ತಾಂತರಿಸುವಾಗ ತೆಗೆಯಲು ಮರೆಯುತ್ತಾರೆ.

ನಾನೂರನಾಲ್ಕು

ಜೇಡ ಹೇಳಿದ್ದಕ್ಕೆ ಜೋಡಣೆ. ಅನೇಕರು ಗೊಂದಲ ಮಾಡಿಕೊಳ್ಳುವ ಎರಡು ವಿಷಯ ಇಲ್ಲಿವೆ.

ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಕಡತದಲ್ಲಿ ಡಿಸ್‌ಅಲೋ ಅಂತ ಬರೆದರೆ ಬಾಟ್ ಪುಟ ಓದುವುದಿಲ್ಲ. ಆದರೆ ಬೇರೆ ಕಡೆಯಿಂದ ಆ ಪುಟಕ್ಕೆ ಲಿಂಕ್ ಇದ್ದರೆ, ಓದದೆಯೇ ಬರೀ ವಿಳಾಸವನ್ನು ಇಂಡೆಕ್ಸ್‌ಗೆ ಸೇರಿಸಬಹುದು. ನೋಇಂಡೆಕ್ಸ್ ಟ್ಯಾಗ್ ಇದಕ್ಕೆ ತಿರುಗುಮುರುಗು: ಬಾಟ್ ಪುಟ ಓದಬಹುದು, ಆದರೆ ಸೇರಿಸಬಾರದು. ಎರಡನ್ನೂ ಒಂದೇ ಪುಟಕ್ಕೆ ಹಾಕಿದರೆ ಕೆಲಸ ಕೆಡುತ್ತದೆ. ಬಾಗಿಲೇ ಮುಚ್ಚಿರುವಾಗ ಒಳಗೆ ಅಂಟಿಸಿದ ಚೀಟಿಯನ್ನು ಯಾರು ಓದುತ್ತಾರೆ? ಮರೆಮಾಡಬೇಕಾದ ಪುಟಕ್ಕೆ ನೋಇಂಡೆಕ್ಸ್ ಹಾಕಿ, ಡಿಸ್‌ಅಲೋ ತೆಗೆಯಿರಿ. ರೋಬಾಟ್ಸ್ ಕಡತದ ಒಳಗೇ ನೋಇಂಡೆಕ್ಸ್ ಸಾಲು ಬರೆಯಲು ಹೇಳುವ ಹಳೆಯ ಲೇಖನಗಳು ಇನ್ನೂ ತಿರುಗಾಡುತ್ತಿವೆ. ಗೂಗಲ್ ಅದನ್ನು 2019ರ ಸೆಪ್ಟೆಂಬರ್‌ನಿಂದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು, ನೋಇಂಡೆಕ್ಸ್ ಪುಟದ ಸೋರ್ಸ್‌ನಲ್ಲೇ ಇರಬೇಕೆಂದಿಲ್ಲ. ಸರ್ವರ್ ಕಳಿಸುವ ಎಚ್‌ಟಿಟಿಪಿ ಹೆಡರ್‌ನಲ್ಲಿ ಎಕ್ಸ್-ರೋಬಾಟ್ಸ್-ಟ್ಯಾಗ್ ರೂಪದಲ್ಲೂ ಬರಬಹುದು. ಸೋರ್ಸ್ ಎಷ್ಟು ಜಾಲಾಡಿದರೂ ಸಿಗುವುದಿಲ್ಲ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು ಹೆಡರ್ ನೋಡಿ.

ಸೋರದಛಾವಣಿ

ರೀಡಿಂಗ್‌ನಲ್ಲಿ ಟಿಕ್ ಇತ್ತು! ತೆಗೆದೆ. ಆದರೆ ಸರ್ಚ್ ಕನ್ಸೋಲ್‌ನಲ್ಲಿ ಲೈವ್ ಟೆಸ್ಟ್ ಓಡಿಸಿದರೆ ಈಗಲೂ ನೋಇಂಡೆಕ್ಸ್ ಅಂತಲೇ ತೋರಿಸುತ್ತಿದೆ.

ನಾನೂರನಾಲ್ಕು

ಕ್ಯಾಶ್, ಅಂದರೆ ಬೇಗ ತೋರಿಸಲು ಕೂಡಿಟ್ಟ ಪ್ರತಿ. ಕ್ಯಾಶಿಂಗ್ ಪ್ಲಗಿನ್ ಹಳೆಯ ಎಚ್‌ಟಿಎಂಎಲ್ ಅನ್ನೇ ಹಂಚುತ್ತಿದೆ. ಪ್ಲಗಿನ್‌ನ ಕ್ಯಾಶ್ ಖಾಲಿ ಮಾಡಿ, ಹೋಸ್ಟಿಂಗ್ ಕಡೆಯದ್ದೂ ಖಾಲಿ ಮಾಡಿ, ಸಿಡಿಎನ್ (ಸೈಟ್‌ನ ನಕಲನ್ನು ಬೇರೆ ಬೇರೆ ಕಡೆಯ ಸರ್ವರ್‌ಗಳಿಂದ ಹಂಚುವ ಸೇವೆ) ಇದ್ದರೆ ಅಲ್ಲೂ. ಲಾಗಿನ್ ಆಗಿರುವಾಗ ನಿಮಗೆ ಹೊಸ ಪುಟವೇ ಕಾಣುತ್ತದೆ, ಹಾಗಾಗಿ ಪರೀಕ್ಷೆಯನ್ನು ಇನ್‌ಕಾಗ್ನಿಟೋ ಕಿಟಕಿಯಲ್ಲಿ ಮಾಡಿ.

ಅದೇ ಉಸಿರಿನಲ್ಲಿ ಇದನ್ನೂ ಮುಗಿಸಿ. ವಿಳಾಸವನ್ನು ನಾಲ್ಕು ರೀತಿ ಟೈಪ್ ಮಾಡಿ: ಎಸ್ ಇರುವ ಎಚ್‌ಟಿಟಿಪಿ, ಇಲ್ಲದ್ದು, ಎರಡಕ್ಕೂ ಡಬ್ಲ್ಯುಡಬ್ಲ್ಯುಡಬ್ಲ್ಯು ಸೇರಿಸಿ, ಬಿಟ್ಟು. ನಾಲ್ಕೂ ಕೊನೆಗೆ ಒಂದೇ ವಿಳಾಸಕ್ಕೆ 301 ರಿಡೈರೆಕ್ಟ್ (ಶಾಶ್ವತವಾಗಿ ತಿರುಗಿಸುವುದು) ಆಗಬೇಕು, ಅದೂ ಒಂದೇ ನೆಗೆತದಲ್ಲಿ. ಸೈಟ್ ಕಟ್ಟಿದವರ ಟೆಸ್ಟ್ ಸಬ್‌ಡೊಮೇನ್‌ನಲ್ಲಿ ಇನ್ನೊಂದು ನಕಲು ಕುಳಿತಿದೆಯೇ ಅಂತಲೂ ಕೇಳಿ. ಇದ್ದರೆ ಅದಕ್ಕೆ ಪಾಸ್‌ವರ್ಡ್ ಹಾಕಿಸಿ.

ಸೋರದಛಾವಣಿ

ಎರಡು ಕ್ಯಾಶ್ ಇದ್ದವು, ಎರಡೂ ಖಾಲಿ. ಈಗ ಲೈವ್ ಟೆಸ್ಟ್ ಪಾಸ್. ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಿದೆ. ದಿನಾ ಒತ್ತಬೇಕಾ?

ಜೇಡ

ಒಂದು ಪುಟಕ್ಕೆ ಒಮ್ಮೆ ಸಾಕು. ದಿನಕ್ಕೆ ಇಷ್ಟೇ ಅಂತ ಮಿತಿ ಇದೆ, ಮತ್ತೆ ಮತ್ತೆ ಒತ್ತಿದರೆ ಸಾಲು ಮುಂದೆ ಸರಿಯುವುದಿಲ್ಲ. ಬದಲಿಗೆ ಸೈಟ್‌ಮ್ಯಾಪ್, ಅಂದರೆ ಸೈಟ್‌ನ ಪುಟಗಳ ವಿಳಾಸದ ಪಟ್ಟಿ, ಸಲ್ಲಿಸಿ. ವರ್ಡ್‌ಪ್ರೆಸ್ 5.5ರಿಂದ ಅದು ತಾನಾಗಿಯೇ ತಯಾರಾಗುತ್ತದೆ. ಎಸ್‌ಇಒ ಪ್ಲಗಿನ್ ಇದ್ದರೆ ಸಾಮಾನ್ಯವಾಗಿ ಪ್ಲಗಿನ್‌ನದ್ದು ಅದರ ಜಾಗಕ್ಕೆ ಬರುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಕೊಡಿ. ಒಂದು ಕಡತಕ್ಕೆ 50,000 ವಿಳಾಸದ ಮಿತಿ, ನಿಮ್ಮ 9 ಪುಟಕ್ಕೆ ಆ ಚಿಂತೆಯೇ ಇಲ್ಲ. ಪ್ರಿಯಾರಿಟಿ, ಚೇಂಜ್‌ಫ್ರೀಕ್ವೆನ್ಸಿ ಸಾಲುಗಳನ್ನು ಗೂಗಲ್ ಓದುವುದೇ ಇಲ್ಲ. ಕೊನೆಯ ಬದಲಾವಣೆಯ ದಿನಾಂಕವನ್ನು ಮಾತ್ರ ನೋಡುತ್ತದೆ, ಅದೂ ಆ ದಿನಾಂಕ ಸಾಚಾ ಅನ್ನಿಸಿದರೆ.

ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ ಅನ್ನೂ ತೆರೆದುಬಿಡಿ. ಸರ್ಚ್ ಕನ್ಸೋಲ್‌ನಿಂದ ಆಮದು ಮಾಡಿಕೊಳ್ಳುವ ಬಟನ್ ಇದೆ, ಐದು ನಿಮಿಷದ ಕೆಲಸ.

ಅಕ್ಷರಜೋಡಿ

ಇಂಡೆಕ್ಸ್‌ನ ಗಂಟು ಬಿಚ್ಚಿತು. ಆದರೆ ನಿಜವಾದ ಕೊರತೆ ನಿಮ್ಮ ಮೊದಲ ಪೋಸ್ಟ್‌ನ ಪುಟಗಳ ಪಟ್ಟಿಯಲ್ಲೇ ಕಾಣುತ್ತಿದೆ. ಎಲ್ಲ ಸೇವೆಗೂ ಸೇರಿ 'ಸೇವೆಗಳು' ಅನ್ನುವ ಒಂದೇ ಪುಟ.

ಗೂಗಲ್ ಫಲಿತಾಂಶದಲ್ಲಿ ತೋರಿಸುವುದು ಪುಟಗಳನ್ನು, ಸಂಸ್ಥೆಗಳನ್ನಲ್ಲ. ನೀರಿನ ತೊಟ್ಟಿ ಸೋರುವವನು ಹುಡುಕುವಾಗ, ತೊಟ್ಟಿಯ ಬಗ್ಗೆ ಎರಡೇ ಸಾಲು ಇರುವ ನಿಮ್ಮ ಪುಟ ಇಡೀ ತೊಟ್ಟಿಗೇ ಮೀಸಲಾದ ಇನ್ನೊಬ್ಬರ ಪುಟದ ಎದುರು ನಿಲ್ಲಬೇಕು. ನಿಲ್ಲುವುದಿಲ್ಲ. ತಾರಸಿ ಸೋರಿಕೆ, ಬಚ್ಚಲಿನಿಂದ ಕೆಳಮನೆಗೆ ಇಳಿಯುವ ನೀರು, ಹೊರಗೋಡೆಯ ತೇವ, ನೀರಿನ ತೊಟ್ಟಿ, ನೆಲಮಾಳಿಗೆ: ಒಂದೊಂದಕ್ಕೂ ಒಂದೊಂದು ಪುಟ. 'ಸೇವೆಗಳು' ಪುಟ ಇವಕ್ಕೆಲ್ಲ ದಾರಿ ತೋರಿಸುವ ಹೆಬ್ಬಾಗಿಲು ಮಾತ್ರ.

ಯಾವ ಪದ ಬಳಸುವುದು ಅಂತ ತಿಳಿಯಲು ಸದ್ಯಕ್ಕೆ ಯಾವ ಟೂಲ್‌ಗೂ ಚಂದಾ ಬೇಡ. ಫೋನ್ ಮಾಡುವ ಗಿರಾಕಿಗಳು ಮೊದಲ ವಾಕ್ಯದಲ್ಲಿ ಏನು ಹೇಳುತ್ತಾರೆ? ಅದನ್ನು ಎರಡು ವಾರ ಹಾಗೆಹಾಗೇ ಬರೆದಿಡಿ. 'ವಾಟರ್‌ಪ್ರೂಫಿಂಗ್ ಸಲ್ಯೂಷನ್ಸ್' ಅಂತ ಯಾರೂ ಹೇಳುವುದಿಲ್ಲ. 'ಗೋಡೆ ಬಣ್ಣ ಉಬ್ಬಿ ಉದುರ್ತಿದೆ' ಅನ್ನುತ್ತಾರೆ, 'ಮೇಲಿನ ಮನೆ ಬಚ್ಚಲಿಂದ ನೀರು ಇಳೀತಿದೆ' ಅನ್ನುತ್ತಾರೆ. ಆ ಮಾತನ್ನು ಗೂಗಲ್‌ನಲ್ಲಿ ಅರ್ಧ ಟೈಪ್ ಮಾಡಿ ನಿಲ್ಲಿಸಿ, ಕೆಳಗೆ ಬರುವ ಸಲಹೆಗಳನ್ನು ನೋಡಿ. ಫಲಿತಾಂಶದ ನಡುವೆ ಬರುವ 'ಜನ ಇವನ್ನೂ ಕೇಳುತ್ತಾರೆ' ಪ್ರಶ್ನೆಗಳನ್ನು ಬರೆದುಕೊಳ್ಳಿ. ಮೊದಲ ಪುಟದಲ್ಲಿ ಯಾವ ಬಗೆಯ ಫಲಿತಾಂಶಗಳಿವೆ ಅನ್ನುವುದು ಇನ್ನೂ ಮುಖ್ಯ. ಹತ್ತಕ್ಕೆ ಎಂಟು 'ಹೇಗೆ ಮಾಡುವುದು' ವಿಡಿಯೊಗಳಾದರೆ ಹುಡುಕುವವರಿಗೆ ಬೇಕಿರುವುದು ತಿಳಿವಳಿಕೆ, ಕೆಲಸದವರಲ್ಲ. ಅಲ್ಲಿ ಸೇವೆಯ ಪುಟ ತುರುಕಿದರೆ ಬರುವುದಿಲ್ಲ. ನಕ್ಷೆಯೂ ಮೂರು ಸಂಸ್ಥೆಗಳ ಹೆಸರೂ ಬಂದರೆ ಅದು ಕೆಲಸದವರನ್ನೇ ಅರಸುವ ಹುಡುಕಾಟ.

ಇನ್ನು ಪುಟದ ಒಳಗೆ ಏನು ಬರೆಯಬೇಕು. 'ಅನುಭವಿ ತಂಡ, ಗುಣಮಟ್ಟದ ಸಾಮಗ್ರಿ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ' ಇಂಥದ್ದನ್ನು ಅಳಿಸಿ. ತಾರಸಿ ಪುಟ ಅಂದರೆ: ಸೋರಿಕೆ ಎಲ್ಲಿಂದ ಅಂತ ಪತ್ತೆ ಹಚ್ಚುವ ಬಗೆ, ಹಳೆಯ ಲೇಪ ಕೆರೆಯುತ್ತೀರೋ ಅದರ ಮೇಲೇ ಬಳಿಯುತ್ತೀರೋ, ಬಿರುಕಿಗೆ ಏನು ತುಂಬುತ್ತೀರಿ, ಎಷ್ಟು ಕೋಟ್, ಎರಡು ಕೋಟ್‌ಗಳ ನಡುವೆ ಎಷ್ಟು ಗಂಟೆ ಬಿಡುತ್ತೀರಿ, ಮುಗಿದಮೇಲೆ ನೀರು ನಿಲ್ಲಿಸಿ ಎಷ್ಟು ಹೊತ್ತು ಪರೀಕ್ಷಿಸುತ್ತೀರಿ, ಕೆಲಸ ಎಷ್ಟು ದಿನ, ವೆಚ್ಚ ಯಾವ ಯಾವುದರಿಂದ ಏರುತ್ತದೆ, ಖಾತರಿಯಲ್ಲಿ ಯಾವುದು ಸೇರುವುದಿಲ್ಲ. ಈ ಕೊನೆಯದನ್ನು ಬಹುತೇಕರು ಬರೆಯುವುದಿಲ್ಲ, ಗಿರಾಕಿ ಮೊದಲು ಕೇಳುವುದೇ ಅದನ್ನು. ಪದಗಳ ಎಣಿಕೆಗೆ ನಿಯಮವಿಲ್ಲ. 400 ಪದಕ್ಕೆ ಮುಗಿದರೆ ಮುಗಿಯಿತು, 1,500 ಮಾಡಲು ಎಳೆಯಬೇಡಿ.

ಸೋರದಛಾವಣಿ

ಟೈಟಲ್ ಈಗ ಎಲ್ಲ ಕಡೆ 'ಮುಖಪುಟ', 'ಸೇವೆಗಳು' ಅಂತಷ್ಟೇ ಇದೆ. ಮೆಟಾ ಕೀವರ್ಡ್ಸ್‌ನಲ್ಲಿ ಮಾತ್ರ ಮೂವತ್ತು ಪದ ತುಂಬಿದ್ದಾರೆ.

ಅಕ್ಷರಜೋಡಿ

ಮೆಟಾ ಕೀವರ್ಡ್ಸ್ ಅನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ. ತೆಗೆದರೂ ಇಟ್ಟರೂ ಒಂದೇ. ಟೈಟಲ್ ಮಾತ್ರ ಬದಲಾಯಿಸಲೇಬೇಕು. 'ತಾರಸಿ ಸೋರಿಕೆ ದುರಸ್ತಿ: ವಿಧಾನ, ಅವಧಿ, ಖಾತರಿ', ಆಮೇಲೆ ಸಂಸ್ಥೆಯ ಹೆಸರು. ಮುಖ್ಯ ಮಾತು ಮುಂದೆ ಇರಲಿ, ಡೆಸ್ಕ್‌ಟಾಪ್‌ನಲ್ಲಿ ಸುಮಾರು 600 ಪಿಕ್ಸೆಲ್ ದಾಟಿದ್ದು ಕತ್ತರಿಸಿಹೋಗುತ್ತದೆ. '60 ಅಕ್ಷರ' ಅನ್ನುವ ಸೂತ್ರ ಇಂಗ್ಲಿಷ್‌ಗೆ ಹೊಂದಿಸಿದ್ದು, ಕನ್ನಡದ ಅಕ್ಷರ ಅಗಲ, ಹಾಗಾಗಿ ಅದನ್ನು ನಂಬಬೇಡಿ, ಕಣ್ಣಲ್ಲೇ ನೋಡಿ. ಎರಡು ಪುಟಕ್ಕೆ ಒಂದೇ ಟೈಟಲ್ ಬೇಡ. ಪುಟದ ವಿಷಯಕ್ಕೆ ಹೊಂದದಿದ್ದರೆ ಗೂಗಲ್ ತಾನೇ ಬೇರೆ ಟೈಟಲ್ ಕಟ್ಟಿ ತೋರಿಸುತ್ತದೆ. ಹಾಗಾದಾಗ ಮೊದಲು ನೋಡಬೇಕಾದ್ದು ಎಚ್1 (ಪುಟದ ಮೇಲಿನ ದೊಡ್ಡ) ಶೀರ್ಷಿಕೆ ಟೈಟಲ್‌ಗಿಂತ ತೀರಾ ಬೇರೆ ಹಾಡು ಹಾಡುತ್ತಿದೆಯೇ ಅಂತ.

ಮೆಟಾ ಡಿಸ್ಕ್ರಿಪ್ಷನ್‌ನಿಂದ ಸ್ಥಾನ ಏರುವುದಿಲ್ಲ, ಕ್ಲಿಕ್ ಏರಬಹುದು. ಎರಡು ವಾಕ್ಯ ಸಾಕು.

ಎರಡುನುಡಿ

ಭಾಷೆಯ ವಿಷಯ ಯಾರೂ ಎತ್ತಲಿಲ್ಲ. ಸೈಟ್ ಎರಡು ಭಾಷೆಯಲ್ಲಿರುವುದಾದರೆ ಎರಡಕ್ಕೂ ಬೇರೆ ಬೇರೆ ವಿಳಾಸ ಇರಬೇಕು. ಬಟನ್ ಒತ್ತಿದಾಗ ಬ್ರೌಸರ್‌ನಲ್ಲೇ ಅನುವಾದ ಮಾಡಿ ತೋರಿಸುವ ವಿಜೆಟ್‌ಗಳಿಗೆ ಸ್ವಂತ ವಿಳಾಸ ಇರುವುದಿಲ್ಲ. ವಿಳಾಸ ಇಲ್ಲದ್ದು ಇಂಡೆಕ್ಸ್ ಆಗುವುದಿಲ್ಲ. ಇದೇ ಪುಟ ಇನ್ನೊಂದು ಭಾಷೆಯಲ್ಲಿ ಎಲ್ಲಿದೆ ಅಂತ ಹೇಳುವ ಎಚ್‌ರೆಫ್‌ಲ್ಯಾಂಗ್ ಟ್ಯಾಗ್ ಎರಡೂ ಕಡೆಯಿಂದ ಪರಸ್ಪರ ತೋರಿಸಬೇಕು, ಒಂದು ಕಡೆಯಿಂದ ಮಾತ್ರ ಇದ್ದರೆ ಗೂಗಲ್ ಆ ಜೋಡಿಯನ್ನು ಬಿಟ್ಟುಬಿಡುತ್ತದೆ.

ಕನ್ನಡದ ವಿಳಾಸ ಇಡಬಹುದೇ ಅಂದರೆ, ಇಡಬಹುದು, ಗೂಗಲ್‌ಗೆ ಅಡ್ಡಿಯಿಲ್ಲ. ತೊಡಕು ಹಂಚಿಕೊಳ್ಳುವಾಗ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್, ಪರ್ಸೆಂಟ್ ಎನ್‌ಕೋಡ್ ಆದಾಗ ಒಂದು ಚಿಹ್ನೆ 9 ಅಕ್ಷರ ಆಗುತ್ತದೆ. 'ತಾರಸಿ' ಅನ್ನುವುದರಲ್ಲೇ ಐದು ಚಿಹ್ನೆ, ಅಂದರೆ 45 ಅಕ್ಷರ. ಮೆಸೇಜ್‌ನಲ್ಲಿ ಅಂಟಿಸಿದರೆ ಶೇಕಡಾ ಚಿಹ್ನೆಗಳ ರೈಲು. ವಿಳಾಸ ರೋಮನ್ ಲಿಪಿಯಲ್ಲಿ ಚಿಕ್ಕದಾಗಿರಲಿ, ಪುಟ ಕನ್ನಡದಲ್ಲಿರಲಿ. ಕನ್ನಡವನ್ನು ರೋಮನ್‌ನಲ್ಲಿ ಟೈಪ್ ಮಾಡಿ ಹುಡುಕುವವರಿಗಾಗಿ ಮೂರನೇ ಪುಟ ಮಾಡುವುದು ಬೇಡ.

ನಕ್ಷೆಯಂಚು

ಮನೆಗೆ ಬಂದು ಮಾಡುವ ಸೇವೆ ಇದು. ಹಾಗಾಗಿ ಅರ್ಧ ಕೆಲಸ ಸೈಟ್‌ನ ಹೊರಗೇ ಇದೆ: ಗೂಗಲ್ ಬಿಸಿನೆಸ್ ಪ್ರೊಫೈಲ್. 2021ರವರೆಗೆ ಮೈ ಬಿಸಿನೆಸ್ ಅಂತ ಹೆಸರಿತ್ತು, ಹಳೆಯ ಲೇಖನಗಳಲ್ಲಿ ಹಾಗೇ ಇದೆ. ನಕ್ಷೆಯ ಜೊತೆ ಬರುವ ಆ ಮೂರು ಹೆಸರು ಇಲ್ಲಿಂದ ಬರುತ್ತವೆ. ಗೂಗಲ್ ಅದಕ್ಕೆ ಹೇಳುವ ಆಧಾರ ಮೂರು: ಹುಡುಕಾಟಕ್ಕೆ ಎಷ್ಟು ಹೊಂದುತ್ತದೆ, ಹುಡುಕುವವರಿಂದ ಎಷ್ಟು ದೂರ, ಎಷ್ಟು ಹೆಸರುವಾಸಿ. ದೂರ ನಿಮ್ಮ ಕೈಯಲ್ಲಿಲ್ಲ, ಉಳಿದೆರಡು ಇವೆ.

ಮುಖ್ಯ ವರ್ಗ ಒಂದು, ಜೊತೆಗೆ 9ರವರೆಗೆ ಹೆಚ್ಚುವರಿ ವರ್ಗ. ಮುಖ್ಯ ವರ್ಗವನ್ನು ಬರೀ 'ಕಟ್ಟಡ ಗುತ್ತಿಗೆದಾರ' ಅಂತ ಇಟ್ಟು ವಾಟರ್‌ಪ್ರೂಫಿಂಗ್‌ಗೆ ಬರಲಿ ಅಂದರೆ ಕಷ್ಟ. ಗಿರಾಕಿಗಳು ನಿಮ್ಮಲ್ಲಿಗೆ ಬರುವುದಿಲ್ಲವಾದರೆ ವಿಳಾಸ ಮರೆಮಾಡಿ, ಸೇವಾ ಪ್ರದೇಶ ಮಾತ್ರ ಕೊಡಿ. 20ರವರೆಗೆ ಪ್ರದೇಶ ಸೇರಿಸಬಹುದು, ಆದರೆ ನೀವಿರುವ ಕಡೆಯಿಂದ ಸುಮಾರು 2 ಗಂಟೆ ವಾಹನ ಪ್ರಯಾಣಕ್ಕಿಂತ ಆಚೆ ಹೋಗಬಾರದು ಅನ್ನುವುದು ನಿಯಮ. ಜನ ಕೂರದ ಬಾಡಿಗೆ ಆಫೀಸು, ಅಂಚೆ ಪೆಟ್ಟಿಗೆ ವಿಳಾಸವಾಗುವುದಿಲ್ಲ. ದೃಢೀಕರಣಕ್ಕೆ ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ: ಬೀದಿ, ಬೋರ್ಡು ಇಲ್ಲವೇ ವಾಹನದ ಮೇಲಿನ ಹೆಸರು, ಉಪಕರಣಗಳು, ಎಲ್ಲ ಒಂದೇ ಓಟದಲ್ಲಿ, ಕತ್ತರಿಸದೆ.

ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರು ಮಾತ್ರ. ಅದರ ಹಿಂದೆ 'ಅತ್ಯುತ್ತಮ ತಾರಸಿ ವಾಟರ್‌ಪ್ರೂಫಿಂಗ್' ಅಂತ ಬಾಲ ಕಟ್ಟಿದವರು ಕೆಲವು ದಿನ ಮೇಲೆ ಕಾಣಿಸಬಹುದು, ಯಾರೋ ಒಬ್ಬರು ದೂರು ಕೊಟ್ಟರೆ ಪ್ರೊಫೈಲೇ ಅಮಾನತು. ಕೂಡಿಟ್ಟ ರಿವ್ಯೂಗಳು ಕಣ್ಮರೆ.

ರಿವ್ಯೂ ಕೇಳಿ, ಧಾರಾಳವಾಗಿ ಕೇಳಿ. ಕೆಲಸ ಮುಗಿದ ದಿನವೇ ಲಿಂಕ್ ಕಳಿಸಿ. ಆದರೆ ರಿಯಾಯಿತಿ ಕೊಟ್ಟು ಬರೆಸುವುದು, ಖುಷಿಯಾದವರಿಗೆ ಮಾತ್ರ ಲಿಂಕ್ ಕಳಿಸಿ ಬೇಸರವಾದವರನ್ನು ಬೇರೆ ಫಾರ್ಮ್‌ಗೆ ಅಟ್ಟುವುದು, ಎರಡೂ ನಿಯಮಕ್ಕೆ ವಿರುದ್ಧ.

ಪ್ರೊಫೈಲ್‌ನಲ್ಲಿ ಕೊಡುವ ಸೈಟ್ ಲಿಂಕ್‌ಗೆ ಯುಟಿಎಂ ಬಾಲ (ಎಲ್ಲಿಂದ ಬಂದರು ಅಂತ ಗುರುತಿಸುವ ಪದಗಳು) ಸೇರಿಸಿ. ನಕ್ಷೆಯಿಂದ ಬಂದವರು ಯಾರು, ಸಾಮಾನ್ಯ ಫಲಿತಾಂಶದಿಂದ ಬಂದವರು ಯಾರು ಅಂತ ಬೇರ್ಪಡಿಸಿ ನೋಡಲು ಬೇರೆ ಸುಲಭ ದಾರಿಯಿಲ್ಲ.

ಮೊದಲಪುಟ

ಸೇವೆಯ ಪುಟಗಳನ್ನು ಒಂದೊಂದು ಊರಿಗೂ ಮಾಡಿಬಿಡಿ. 5 ಸೇವೆ, 20 ಊರು, 100 ಪುಟ. ಊರಿನ ಹೆಸರು ಮಾತ್ರ ಬದಲಾಯಿಸಿದರೆ ಸಾಕು, ಒಂದೇ ದಿನದ ಕೆಲಸ.

ಜೇಡ

ಇದಕ್ಕೆ ಡೋರ್‌ವೇ ಪುಟ ಅಂತ ಹೆಸರು, ಗೂಗಲ್‌ನ ಸ್ಪ್ಯಾಮ್ ನೀತಿಯಲ್ಲಿ ನೇರವಾಗಿ ಇದೆ. 2024ರ ಮಾರ್ಚ್‌ನಲ್ಲಿ ರಾಶಿ ರಾಶಿ ಪುಟ ಉತ್ಪಾದನೆಯ ಮೇಲೂ ನೀತಿ ಬಂತು, ಮನುಷ್ಯ ಬರೆದಿರಲಿ, ಯಂತ್ರ ಬರೆದಿರಲಿ. ಶಿಕ್ಷೆಯ ಮಾತು ಬಿಡಿ, ಅದಕ್ಕೂ ಮೊದಲೇ ಆಗುವ ನಷ್ಟ ಇದೆ. 9 ಪುಟದ ಹೊಸ ಸೈಟ್ ಇದ್ದಕ್ಕಿದ್ದಂತೆ 109 ಪುಟ ಆದಾಗ ಗೂಗಲ್ ನಾಲ್ಕಾರನ್ನು ಓದಿ, ಎಲ್ಲ ಒಂದೇ ಅಂತ ಕಂಡು, ಉಳಿದವನ್ನು 'ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್' (ವಿಳಾಸ ಗೊತ್ತು, ಸದ್ಯಕ್ಕೆ ಇಂಡೆಕ್ಸ್ ಆಗಿಲ್ಲ) ಪಟ್ಟಿಗೆ ತಳ್ಳುತ್ತದೆ.

ಮೊದಲಪುಟ

ಹಾಗೆ ಮಾಡಿದ ಸೈಟ್‌ಗಳು ಮೊದಲ ಪುಟದಲ್ಲೇ ಇವೆಯಲ್ಲ?

ನಕ್ಷೆಯಂಚು

ಇವೆ, ಸುಳ್ಳಲ್ಲ. ಅವು ನಿಂತಿರುವುದು ಹಳೆಯ ಲಿಂಕ್‌ಗಳ ಬಲದ ಮೇಲೋ, ಪೈಪೋಟಿಯೇ ಇಲ್ಲದ ಕಡೆಯೋ ಅನ್ನುವುದನ್ನು ನೋಡದೆ ನಕಲು ಮಾಡುವುದು ಜೂಜು. ಊರಿನ ಪುಟ ಮಾಡಲೇಬಾರದು ಅಂತಲ್ಲ. ಅಲ್ಲಿ ಮಾಡಿದ ಕೆಲಸದ ಫೋಟೊ, ಅಲ್ಲಿನ ಕಟ್ಟಡಗಳ ಬಗೆ, ಅಲ್ಲಿಗೇ ವಿಶೇಷವಾದ ತೊಂದರೆ, ಅಲ್ಲಿಗೆ ಎಷ್ಟು ದಿನದಲ್ಲಿ ಬರುತ್ತೀರಿ, ಇಷ್ಟು ಬರೆಯಲು ಸರಕಿದ್ದರೆ ಮಾಡಿ. ಊರಿನ ಹೆಸರು ಅಳಿಸಿ ಓದಿದಾಗ ಯಾವ ಊರಿನದೆಂದು ತಿಳಿಯದಿದ್ದರೆ ಬೇಡ.

ತೂಕದಚಿತ್ರ

ಗ್ಯಾಲರಿ ಪುಟ ಅಂದಿರಿ, ಕಿವಿ ನೆಟ್ಟಗಾಯಿತು. ಮೊಬೈಲ್‌ನಲ್ಲಿ ತೆಗೆದ ಫೋಟೊ ಹಾಗೇ ಏರಿಸಿದ್ದರೆ ಒಂದೊಂದೂ 4–5 ಎಂಬಿ, ಅಗಲ 4,000 ಪಿಕ್ಸೆಲ್. ಪರದೆಗೆ ಬೇಕಿರುವುದು 1,200ರಿಂದ 1,600. ಅಷ್ಟಕ್ಕೆ ಇಳಿಸಿ ವೆಬ್‌ಪಿ (ಹಗುರವಾದ ಚಿತ್ರ ಕಡತದ ಬಗೆ) ಮಾಡಿದರೆ ಸಾಮಾನ್ಯವಾಗಿ 200 ಕೆಬಿ ಒಳಗೆ ಬರುತ್ತದೆ.

ಗೂಗಲ್‌ನ ಅಳತೆಗಳು ಮೂರು. ಎಲ್‌ಸಿಪಿ, ಅಂದರೆ ಪರದೆಯ ದೊಡ್ಡ ಭಾಗ ಮೂಡುವ ಹೊತ್ತು, 2.5 ಸೆಕೆಂಡ್ ಒಳಗೆ. ಐಎನ್‌ಪಿ, ಒತ್ತಿದಾಗ ಪ್ರತಿಕ್ರಿಯೆ ಬರುವ ಹೊತ್ತು, 200 ಮಿಲಿಸೆಕೆಂಡ್ ಒಳಗೆ. 2024ರ ಮಾರ್ಚ್‌ವರೆಗೆ ಇದರ ಜಾಗದಲ್ಲಿ ಎಫ್‌ಐಡಿ ಎಂಬ ಅಳತೆ ಇತ್ತು. ಸಿಎಲ್‌ಎಸ್, ಓದುವಾಗ ಪುಟ ಕುಣಿಯುವ ಪ್ರಮಾಣ, 0.1 ಒಳಗೆ. ಈ ಮೂರನ್ನೂ ನಿಜವಾದ ಭೇಟಿಗಳ 28 ದಿನದ ಲೆಕ್ಕದಲ್ಲಿ, ನೂರಕ್ಕೆ 75 ಭೇಟಿಗಳಾದರೂ ಮುಟ್ಟಬೇಕು. ಹೊಸ ಸೈಟ್‌ಗೆ ಅಷ್ಟು ಭೇಟಿಗಳೇ ಇರುವುದಿಲ್ಲ, ಹಾಗಾಗಿ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೇಲಿನ ಭಾಗ ಖಾಲಿ ಬರುತ್ತದೆ. ಗಾಬರಿ ಬೇಡ. ಕೆಳಗಿನ 0ಯಿಂದ 100ರ ಅಂಕ ಪ್ರಯೋಗಾಲಯದ ಅಂದಾಜು. ಅದನ್ನು 100 ಮಾಡಲು ನಿದ್ದೆಗೆಡಬೇಡಿ, ರ‍್ಯಾಂಕಿಂಗ್‌ಗೆ ಆ ಅಂಕವನ್ನು ಬಳಸುವುದಿಲ್ಲ.

ಕೆಡುವ ಜಾಗಗಳು ಬಹುತೇಕ ಇವೇ. ಮೇಲ್ಗಡೆಯ ದೊಡ್ಡ ಚಿತ್ರಕ್ಕೂ ಲೇಜಿ ಲೋಡ್ (ಕೆಳಗೆ ಸರಿಸಿದಾಗಷ್ಟೇ ಚಿತ್ರ ಇಳಿಸುವುದು) ಹಾಕಿರುತ್ತಾರೆ, ಎಲ್‌ಸಿಪಿ ಹಾಳಾಗುತ್ತದೆ. ಲೇಜಿ ಲೋಡ್ ಕೆಳಗಿನ ಚಿತ್ರಗಳಿಗೆ ಮಾತ್ರ. ಚಿತ್ರಗಳಿಗೆ ವಿಡ್ತ್, ಹೈಟ್ ಕೊಟ್ಟಿರುವುದಿಲ್ಲ, ಪುಟ ಕುಣಿಯುತ್ತದೆ. ಮುಖಪುಟದ ಸ್ಲೈಡರ್‌ನಲ್ಲಿ ಸೇವೆಗಳ ಹೆಸರನ್ನು ಚಿತ್ರದೊಳಗೇ ಬರೆದಿರುತ್ತಾರೆ. ಪುಟದಲ್ಲಿ ಆ ಪದ ಪಠ್ಯವಾಗಿ ಇಲ್ಲದಂತಾಗುತ್ತದೆ. ಫೋನ್ ನಂಬರ್ ಚಿತ್ರದಲ್ಲಿದ್ದರಂತೂ ಮೊಬೈಲ್‌ನಲ್ಲಿ ಒತ್ತಿ ಕರೆ ಮಾಡಲೂ ಆಗದು. ಸ್ಲೈಡರ್ ಕಿತ್ತು ಒಂದೇ ಚಿತ್ರ ಇಡಿ.

ಸೋರದಛಾವಣಿ

ಸ್ಲೈಡರ್‌ನಲ್ಲಿ ಆರು ಚಿತ್ರ, ಒಟ್ಟು 22 ಎಂಬಿ. ಇವತ್ತೇ ತೆಗೆಸುತ್ತೇನೆ. ಒಂದು ಏಜೆನ್ಸಿಯ ಪ್ರಸ್ತಾಪ ಬಂದಿದೆ: ತಿಂಗಳಿಗೆ 500 ಬ್ಯಾಕ್‌ಲಿಂಕ್, ಡೊಮೇನ್ ಅಥಾರಿಟಿ 40 ದಾಟಿಸುತ್ತೇವೆ, 30 ದಿನದಲ್ಲಿ ಮೊದಲ ಸ್ಥಾನ ಗ್ಯಾರಂಟಿ. ಒಪ್ಪಲೇ?

ಜೇಡ

ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಡೊಮೇನ್ ಅಥಾರಿಟಿ ಅನ್ನುವುದು ಮಾಜ್ ಎಂಬ ಕಂಪನಿಯ ಸ್ವಂತ ಅಂಕ, ಗೂಗಲ್ ಅದನ್ನು ನೋಡುವುದಿಲ್ಲ. ಅಗ್ಗದ ಲಿಂಕ್ ರಾಶಿ ಹಾಕಿ ಆ ಅಂಕವನ್ನು ಏರಿಸಬಹುದು, ಗಿರಾಕಿ ಬರುವುದಿಲ್ಲ.

ಹಣ ಕೊಟ್ಟ ಲಿಂಕ್‌ಗೆ ಸ್ಪಾನ್ಸರ್ಡ್ ಇಲ್ಲವೇ ನೋಫಾಲೋ ಗುರುತು ಇರಬೇಕು ಅನ್ನುವುದು ನಿಯಮ. ಗುರುತು ಇಟ್ಟರೆ ಅದರಿಂದ ರ‍್ಯಾಂಕಿಂಗ್ ಬಲ ನಿರೀಕ್ಷಿಸುವಂತಿಲ್ಲ, ಇಡದಿದ್ದರೆ ನಿಯಮ ಮುರಿದಂತೆ. 2012ರ ಪೆಂಗ್ವಿನ್ ಅಪ್‌ಡೇಟ್‌ನ ಕಾಲದಲ್ಲಿ ಇಂಥ ಸೈಟ್‌ಗಳು ಕೆಳಗೆ ಬೀಳುತ್ತಿದ್ದವು. ಈಗ ಹೆಚ್ಚಾಗಿ ಗೂಗಲ್ ಆ ಲಿಂಕ್‌ಗಳನ್ನು ಎಣಿಸದೆ ಬಿಡುತ್ತದೆ, ದುಡ್ಡು ನೀರಿಗೆ ಹೋದಂತೆ. ಕೈಯಾರೆ ಪರಿಶೀಲಿಸಿ ಶಿಕ್ಷೆ ಹಾಕಿದರೆ ಸರ್ಚ್ ಕನ್ಸೋಲ್‌ನ ಮ್ಯಾನುಯಲ್ ಆ್ಯಕ್ಷನ್ಸ್‌ನಲ್ಲಿ ಬರುತ್ತದೆ.

ನಿಮ್ಮ ಕಸುಬಿಗೆ ಸಿಗುವ ಒಳ್ಳೆಯ ಲಿಂಕ್‌ಗಳು ಬೇರೆ ಇವೆ. ನೀವು ಬಳಸುವ ಲೇಪದ ತಯಾರಕರ ಸೈಟ್‌ನಲ್ಲಿ ಅಧಿಕೃತ ಕೆಲಸಗಾರರ ಪಟ್ಟಿ ಇದ್ದರೆ ಅಲ್ಲಿ ಹೆಸರು ಸೇರಿಸಿ. ಜೊತೆಯಲ್ಲಿ ಕೆಲಸ ಮಾಡುವ ಆರ್ಕಿಟೆಕ್ಟ್‌ಗಳು, ಕಟ್ಟಡ ಗುತ್ತಿಗೆದಾರರು, ವೃತ್ತಿ ಸಂಘದ ಸದಸ್ಯರ ಪಟ್ಟಿ. ಇಂಥವು ಹತ್ತು ಸಿಕ್ಕರೆ ಆ 500ಕ್ಕಿಂತ ಮೇಲು.

ಏಜೆನ್ಸಿ ಯಾವುದೇ ಆಗಲಿ, ಡೊಮೇನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ನಾಲ್ಕೂ ನಿಮ್ಮ ಇಮೇಲ್‌ನಲ್ಲೇ ಇರಲಿ. ಅವರಿಗೆ ಬಳಕೆದಾರರ ಅನುಮತಿ ಮಾತ್ರ. ಅವರ ಹೆಸರಲ್ಲಿದ್ದರೆ ಜಗಳವಾದ ದಿನ ಕೀಲಿಕೈ ಅವರ ಕೈಯಲ್ಲಿರುತ್ತದೆ.

ಎರಡುನುಡಿ

ಸ್ಕೀಮಾ (ಪುಟದ ವಿವರವನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವ ಕೋಡ್) ಹಾಕಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಮುಖಪುಟಕ್ಕೆ ಜೆಸಾನ್-ಎಲ್‌ಡಿ ರೂಪದಲ್ಲಿ ಲೋಕಲ್‌ಬಿಸಿನೆಸ್ ಒಂದನ್ನು ಹಾಕಿ: ಹೆಸರು, ಫೋನ್, ಸಮಯ, ಸೇವಾ ಪ್ರದೇಶ, ಪುಟದ ಮೇಲೆ ಕಾಣುವಂತೆಯೇ. ರಿಚ್ ರಿಸಲ್ಟ್ಸ್ ಟೆಸ್ಟ್‌ನಲ್ಲಿ ನೋಡಿ. ನಿಮ್ಮ ಸೈಟ್‌ನಲ್ಲಿ ನೀವೇ ಹಾಕಿಕೊಂಡ ರೇಟಿಂಗ್‌ಗೆ ನಕ್ಷತ್ರ ಬರುವುದಿಲ್ಲ, 2019ರಿಂದಲೇ ನಿಂತಿದೆ. ಎಫ್‌ಎಕ್ಯೂ ಸ್ಕೀಮಾದ ಆಸೆಯನ್ನೂ ಬಿಡಿ, 2023ರ ಆಗಸ್ಟ್‌ನಲ್ಲಿ ಅದನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ಸೈಟ್‌ಗಳಿಗೆ ಸೀಮಿತಗೊಳಿಸಿದರು. ಪ್ರಶ್ನೋತ್ತರ ಪುಟದಲ್ಲಿರಲಿ, ಓದುವವರಿಗೆ ಬೇಕು. ಎಐ ಉತ್ತರಗಳಲ್ಲಿ ಬರಲು ವಿಶೇಷ ಕಡತ ಬೇಕು ಅಂತ ಮಾರುವವರೂ ಬಂದಿದ್ದಾರೆ. ಗೂಗಲ್‌ನ ಎಐ ಓವರ್‌ವ್ಯೂಗೆ ಅಂಥದ್ದೇನೂ ಬೇಡ ಅಂತ ಅವರೇ ಹೇಳಿದ್ದಾರೆ.

ಸೋರದಛಾವಣಿ

ಮೂರು ವಾರದ ಲೆಕ್ಕ. ಹೆಸರಿಗೆ ಸೈಟ್ ಬರುತ್ತಿದೆ. ಐದು ಸೇವೆಯ ಪುಟ ಏರಿಸಿದೆ, ಮೂರು ಇಂಡೆಕ್ಸ್ ಆಗಿವೆ. ಪರ್ಫಾರ್ಮೆನ್ಸ್ ವರದಿಯಲ್ಲಿ ಇಂಪ್ರೆಷನ್ (ಫಲಿತಾಂಶದಲ್ಲಿ ಕಾಣಿಸಿದ ಸಲ) 340, ಕ್ಲಿಕ್ 6, ಸರಾಸರಿ ಸ್ಥಾನ 41. ಹಿಂದಿನ ವಾರ 28 ಇತ್ತು. ಕೆಳಗೆ ಬಿದ್ದೆನಾ?

ಅಕ್ಷರಜೋಡಿ

ಇಲ್ಲ, ಸರಾಸರಿಯ ಆಟ ಅದು. ಹಿಂದಿನ ವಾರ ಹೆಚ್ಚಾಗಿ ಸಂಸ್ಥೆಯ ಹೆಸರಿಗೆ ಕಾಣಿಸುತ್ತಿದ್ದಿರಿ, ಅದಕ್ಕೆ ಸ್ಥಾನ ಚೆನ್ನಾಗಿರುತ್ತದೆ. ಈಗ ಹೊಸ ಪುಟಗಳು ಹೊಸ ಹುಡುಕಾಟಗಳಿಗೆ 60ನೇ, 70ನೇ ಸ್ಥಾನದಲ್ಲಿ ತಲೆ ಹಾಕಿವೆ, ಅವು ಸರಾಸರಿಯನ್ನು ಎಳೆದಿವೆ. ಕ್ವೆರಿ (ಹುಡುಕಿದ ಮಾತು) ಫಿಲ್ಟರ್‌ನಲ್ಲಿ ಸಂಸ್ಥೆಯ ಹೆಸರನ್ನು ಹೊರಗಿಟ್ಟು, ಒಂದೊಂದು ಪುಟವನ್ನೇ ಆರಿಸಿ ನೋಡಿ. ಇಂಪ್ರೆಷನ್ ಇದ್ದು 8ರಿಂದ 20ರ ನಡುವಿನ ಸ್ಥಾನದಲ್ಲಿರುವ ಕ್ವೆರಿಗಳೇ ನಿಮ್ಮ ಮುಂದಿನ ಕೆಲಸದ ಪಟ್ಟಿ: ಆ ಪ್ರಶ್ನೆಗೆ ಪುಟದಲ್ಲಿ ನೇರ ಉತ್ತರ ಇದೆಯೇ? ಇಲ್ಲದಿದ್ದರೆ ಒಂದು ಪ್ಯಾರಾ ಸೇರಿಸಿ. ವಿರಳ ಕ್ವೆರಿಗಳನ್ನು ಗೌಪ್ಯತೆಗಾಗಿ ಪಟ್ಟಿಯಲ್ಲಿ ತೋರಿಸುವುದಿಲ್ಲ, ಹಾಗಾಗಿ ಕೂಡಿದಾಗ ಮೊತ್ತ ತಾಳೆಯಾಗದು. ಮಾಹಿತಿ 16 ತಿಂಗಳು ಮಾತ್ರ ಇರುತ್ತದೆ, ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ನೀವೇ ಗೂಗಲ್ ಮಾಡಿ ಸ್ಥಾನ ನೋಡಬೇಡಿ. ಇನ್‌ಕಾಗ್ನಿಟೋದಲ್ಲೂ ನೀವು ಕೂತ ಜಾಗ ಅದಕ್ಕೆ ಗೊತ್ತು. ಮೂರು ವಾರಕ್ಕೆ ತೀರ್ಪೂ ಬೇಡ, ನಾಲ್ಕು ತಿಂಗಳಿಂದ ಒಂದು ವರ್ಷ ಅನ್ನುವುದು ಗೂಗಲ್‌ನವರೇ ಹೇಳಿದ ಅಂದಾಜು.

ಸೋರದಛಾವಣಿ

ಸರಿ. ಕೊನೆಯದು. ಆ ನಾಲ್ಕು ಹಳೆಯ ಬ್ಲಾಗ್ ಬರಹಗಳು 'ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್' ಅಂತ ತೋರಿಸುತ್ತಿವೆ. 'ವಾಟರ್‌ಪ್ರೂಫಿಂಗ್‌ನ 10 ಪ್ರಯೋಜನಗಳು' ಥರದವು. ಅಳಿಸಿ ಮುಖಪುಟಕ್ಕೆ ರಿಡೈರೆಕ್ಟ್ ಮಾಡಲೇ? ಇಂಡೆಕ್ಸ್ ಆಗದ ಎರಡು ಸೇವೆಯ ಪುಟಗಳಿಗೆ ಏನು ಮಾಡಲಿ?

ನಾನೂರನಾಲ್ಕು

ಓದಿ ನೋಡಿ ಬೇಡ ಅಂದಿದೆ, ತಾಂತ್ರಿಕ ದೋಷವಲ್ಲ. ಬರಹಗಳಲ್ಲಿ ಉಪಯೋಗದ ಪ್ಯಾರಾ ಇದ್ದರೆ ಅದನ್ನು ಹೊಂದುವ ಸೇವೆಯ ಪುಟಕ್ಕೆ ಸಾಗಿಸಿ, ಹಳೆಯ ವಿಳಾಸವನ್ನು ಆ ಪುಟಕ್ಕೇ 301 ಮಾಡಿ, ಕನಿಷ್ಠ ಒಂದು ವರ್ಷ ಹಾಗೇ ಬಿಡಿ. ಹೊಂದುವ ಪುಟವೇ ಇಲ್ಲದಿದ್ದರೆ ಅಳಿಸಿ, 404 (ಪುಟ ಸಿಗಲಿಲ್ಲ ಅನ್ನುವ ಉತ್ತರ) ಬರಲಿ. 404ರಿಂದ ಸೈಟ್‌ಗೆ ಯಾವ ಹಾನಿಯೂ ಇಲ್ಲ, ನನ್ನ ಹೆಸರಿನಾಣೆ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ಸಾಫ್ಟ್ 404, ಅಂದರೆ ಪುಟ ಇಲ್ಲದ್ದಕ್ಕೆ ಸಮ, ಅಂತ ಲೆಕ್ಕ ಹಾಕುತ್ತದೆ, ಬಂದವರಿಗೂ ತಾವು ಎಲ್ಲಿಗೆ ಬಂದೆವು ಅಂತ ತಿಳಿಯುವುದಿಲ್ಲ.

ಇಂಡೆಕ್ಸ್ ಆಗದ ಎರಡು ಸೇವೆಯ ಪುಟಕ್ಕೆ ಒಳಗಿನ ಲಿಂಕ್ ಇದೆಯೇ ನೋಡಿ. ಸೈಟ್‌ಮ್ಯಾಪ್‌ನಲ್ಲಿ ಮಾತ್ರ ಇದ್ದು ಮೆನುವಿನಲ್ಲಿ, 'ಸೇವೆಗಳು' ಪುಟದಲ್ಲಿ ಇಲ್ಲದಿದ್ದರೆ ಅದು ಅನಾಥ ಪುಟ. ಲಿಂಕ್‌ನ ಪಠ್ಯ 'ಇಲ್ಲಿ ಒತ್ತಿ' ಅಂತ ಬೇಡ, 'ನೀರಿನ ತೊಟ್ಟಿ ಸೋರಿಕೆ' ಅಂತಿರಲಿ.

ಸೋರದಛಾವಣಿ

ತೊಟ್ಟಿ ಮತ್ತು ನೆಲಮಾಳಿಗೆ ಪುಟ ಮೆನುವಿನಲ್ಲೇ ಇರಲಿಲ್ಲ. ಸೇರಿಸಿದೆ.